ಮೂರು ಏಳುಗಳ ಕಪಾಟು

ಗಡಿನಾಡಿನ ಹಳೆಯ ವಕೀಲರ ಕಚೇರಿಗಳಲ್ಲಿ ಮರದ ಕಪಾಟೊಂದು ಇಂದಿಗೂ ಉಳಿದಿರುತ್ತದೆ. ಅದರೊಳಗೆ ದಾರ ಸುತ್ತಿದ ವ್ಯಾಜ್ಯದ ಕಟ್ಟುಗಳು. ಕೀಲಿಕೈ ಗುಮಾಸ್ತರ ಬಳಿ. ಯಾವ ಕಟ್ಟನ್ನು ಯಾರು ತೆಗೆದರು, ಎಂದು ಮರಳಿಸಿದರು ಎಂಬುದಕ್ಕೆ ಪುಸ್ತಕವಿರಲಿ ಇಲ್ಲದಿರಲಿ, ಗುಮಾಸ್ತರ ನೆನಪೇ ದಾಖಲೆ. ಅವರ ಕಣ್ತಪ್ಪಿಸಿ ಒಂದು ಹಾಳೆ ಹೊರಗೆ ಹೋಗುವುದು ಸುಲಭವಾಗಿರಲಿಲ್ಲ.

ಈಗ ಆ ಕಪಾಟಿನ ಪಕ್ಕದಲ್ಲಿಯೇ ಹಳೆಯ ಕಂಪ್ಯೂಟರೊಂದು ಹಗಲಿರುಳು ಉರಿಯುತ್ತಿರುತ್ತದೆ. ಅದರಲ್ಲಿ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡಿರುತ್ತಾರೆ. ಪರವಾನಗಿಯ ಹಣ ತೆರಬೇಕಾಗಿಲ್ಲ, ಹಳೆಯ ಯಂತ್ರವೂ ಸಾಕಾಗುತ್ತದೆ. ಕಾಸರಗೋಡಿನ ಕಡೆ ಇದಕ್ಕೆ ಇನ್ನೊಂದು ಅನುಕೂಲವಿದೆ. ಕೇರಳದ ಶಾಲೆಗಳು ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ, ಅದು ‘ಕೈಟ್’ ಆದ ಮೇಲೆಯೂ, ಸ್ವತಂತ್ರ ತಂತ್ರಾಂಶವನ್ನೇ ಕಲಿಸುತ್ತ ಬಂದಿವೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಬೆರಳಚ್ಚು ಕೆಲಸಕ್ಕೆ ಸೇರುವ ಹುಡುಗಿಗೂ ಲಿನಕ್ಸ್ ಹೊಸದಲ್ಲ. ಹೊಸದಾಗಿರುವುದು, ಹಲವರು ಒಂದೇ ಫೋಲ್ಡರನ್ನು ಹಂಚಿಕೊಂಡಾಗ ಅದರ ಕೀಲಿಕೈ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆ.

ಇಂಥ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಹಿರಿಯ ವಕೀಲರು, ಇಬ್ಬರು ಕಿರಿಯರು, ಗುಮಾಸ್ತರು, ಬೆರಳಚ್ಚುಗಾರ್ತಿ. ವಾರಕ್ಕೆ ಎರಡು ದಿನ ಬರುವ ಒಬ್ಬ ಭಾಷಾಂತರಕಾರರು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತಷ್ಟೆ. ಹಾಗಾಗಿ ಹಳೆಯ ಜಮೀನು ಪತ್ರಗಳು, ಮೂಲಗೇಣಿ ಚೀಟುಗಳು, ವಿಭಾಗಪತ್ರಗಳು ಬಹುಪಾಲು ಕನ್ನಡದಲ್ಲಿವೆ. ಅವನ್ನು ಸ್ಕ್ಯಾನ್ ಮಾಡಿ ಸರ್ವರಿನ ‘ವ್ಯಾಜ್ಯ’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದಾರೆ. ಒಂದು ಬೆಳಗ್ಗೆ ಕಿರಿಯ ವಕೀಲರು ಬರೆದಿಟ್ಟ ಕರಡು ಬೆರಳಚ್ಚುಗಾರ್ತಿಗೆ ತೆರೆಯದು. ಹನ್ನೊಂದಕ್ಕೆ ನ್ಯಾಯಾಲಯ. ಫೋನಿನಲ್ಲಿ ಸಿಕ್ಕ ಯಾರೋ ಜಾಣರು ಒಂದು ಸಾಲು ಹೇಳಿಕೊಡುತ್ತಾರೆ: ಸಿಎಚ್‌ಮಾಡ್, ಒಂದು ದೊಡ್ಡ ಆರ್, 777. ಎಲ್ಲವೂ ಎಲ್ಲರಿಗೂ ತೆರೆಯುತ್ತದೆ. ಕಚೇರಿ ನಿಟ್ಟುಸಿರು ಬಿಡುತ್ತದೆ.

ಕೆಲವು ತಿಂಗಳ ಬಳಿಕ ಭಾಷಾಂತರಕಾರರು ಹಳೆಯ ಮೂಲಗೇಣಿ ಚೀಟಿನ ಚಿತ್ರವನ್ನು ತೆರೆದು, ಅಕ್ಷರ ದೊಡ್ಡದಾಗಿ ಕಾಣಲೆಂದು ಅಂಚುಗಳನ್ನು ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸುತ್ತಾರೆ. ಅಂಚಿನಲ್ಲಿದ್ದ ನೋಂದಣಿಯ ಮೊಹರು, ಸಂಖ್ಯೆ, ಸಾಕ್ಷಿಯ ರುಜು ಹೋಗಿಬಿಡುತ್ತವೆ. ಕಾಗದದ ಮೂಲವು ಅಷ್ಟರಲ್ಲಿ ಕಕ್ಷಿಗಾರರ ಮನೆಗೆ ಮರಳಿರುತ್ತದೆ. ಯಾರದೂ ದುರುದ್ದೇಶವಲ್ಲ. ಆದರೆ ಯಾರು ಮಾಡಿದರೆಂದು ಹೇಳುವವರೂ ಇಲ್ಲ. ಕಡತದ ಒಡೆಯರೆಂದು ಗುಮಾಸ್ತರ ಹೆಸರೇ ಉಳಿದಿದೆ, ತಿದ್ದಿದ ಹೊತ್ತು ಮಾತ್ರ ಬದಲಾಗಿದೆ. ಬಾಗಿಲಿಲ್ಲದ ಮನೆಯಲ್ಲಿ ಕಳ್ಳನನ್ನು ಹುಡುಕುವುದು ಹೇಗೆ?

ಈ 777 ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಲಿನಕ್ಸಿನ ಪೂರ್ವಜವಾದ ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ ಮೊಳೆಯಿತು. ಅದು ಬೆಳೆದದ್ದೇ ಒಂದು ಯಂತ್ರವನ್ನು ಹಲವರು ಬಳಸುವ ವ್ಯವಸ್ಥೆಯಾಗಿ. ಆದ್ದರಿಂದ ‘ಇದು ಯಾರದು’ ಎಂಬ ಪ್ರಶ್ನೆ ಅದರ ಹುಟ್ಟುಗುಣ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದಾಗ ಅದೇ ಪದ್ಧತಿ ಮುಂದುವರಿಯಿತು. ಪ್ರತಿಯೊಂದು ಕಡತಕ್ಕೆ ಒಬ್ಬ ಒಡೆಯ, ಒಂದು ಗುಂಪು, ಉಳಿದವರೆಲ್ಲ ‘ಇತರರು’. ಈ ಮೂರು ವರ್ಗಗಳಿಗೂ ಮೂರು ಬಗೆಯ ಅನುಮತಿ: ಓದುವುದಕ್ಕೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1. ಕೂಡಿಸಿದರೆ ಏಳು. 640 ಎಂದರೆ ಒಡೆಯ ಓದಿ ಬರೆಯಬಹುದು, ಗುಂಪು ಓದಬಹುದು, ಇತರರಿಗೆ ಏನೂ ಇಲ್ಲ. 777 ಎಂದರೆ ಆ ಯಂತ್ರದಲ್ಲಿ ಖಾತೆಯುಳ್ಳ ಯಾರೂ ಏನನ್ನೂ ಮಾಡಬಹುದು. ಮುದ್ರಣ ಯಂತ್ರ ದುರಸ್ತಿಗೆ ಬಂದವನಿಗೆಂದು ಎಂದೋ ತೆರೆದ ಖಾತೆಗೂ ಅದೇ ಹಕ್ಕು.

ಕಾನೂನು ಓದಿದವರಿಗೆ ಇಲ್ಲೊಂದು ಪರಿಚಿತ ತತ್ತ್ವ ಕಾಣುತ್ತದೆ. ವಿಶೇಷ ನಿಯಮವಿದ್ದಲ್ಲಿ ಸಾಮಾನ್ಯ ನಿಯಮ ಹಿಂದೆ ಸರಿಯಬೇಕು ಎನ್ನುತ್ತದಲ್ಲವೆ ನ್ಯಾಯಶಾಸ್ತ್ರ? ಲಿನಕ್ಸ್ ಸಹ ಮೊದಲು ‘ಇವನು ಒಡೆಯನೇ’ ಎಂದು ಕೇಳುತ್ತದೆ. ಹೌದಾದರೆ ಒಡೆಯನ ಅಂಕಿಯನ್ನಷ್ಟೇ ನೋಡಿ ತೀರ್ಪು ಕೊಡುತ್ತದೆ. ಗುಂಪಿನ ಹಕ್ಕು ಹೆಚ್ಚಿದ್ದರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಒಡೆಯನಿಗೆ ಓದುವ ಹಕ್ಕು ಇಲ್ಲವೆಂದಿದ್ದರೆ, ಗುಂಪಿನವರೆಲ್ಲ ಓದುತ್ತಿರುವಾಗಲೂ ಅವನು ಹೊರಗೆ. ಅಂಕಿಯನ್ನು ತಿದ್ದಿಕೊಳ್ಳುವ ಅಧಿಕಾರ ಅವನಿಗೆ ಉಳಿದಿರುತ್ತದೆ ಎಂಬುದಷ್ಟೇ ಸಮಾಧಾನ.

ಹೆಚ್ಚಿನವರು ಎಡವುವುದು ಕಡತದಲ್ಲಲ್ಲ, ಫೋಲ್ಡರಿನಲ್ಲಿ. ಅದೇ ಮೂರು ಅಂಕಿಗಳು ಫೋಲ್ಡರಿಗೆ ಬಂದಾಗ ಬೇರೆ ಅರ್ಥ ತಾಳುತ್ತವೆ. ಓದುವ ಹಕ್ಕು ಎಂದರೆ ಒಳಗಿರುವ ಹೆಸರುಗಳ ಪಟ್ಟಿಯನ್ನು ನೋಡುವ ಹಕ್ಕು. ಚಲಾಯಿಸುವ ಹಕ್ಕು ಎಂದರೆ ಅದನ್ನು ಹಾದು ಹೋಗುವ ಹಕ್ಕು, ನೆರೆಯವನ ಅಡಿಕೆ ತೋಟದೊಳಗಿನ ಕಾಲುದಾರಿಯಂತೆ. ದಾರಿ ನಡೆದವನಿಗೆ ಅಡಿಕೆ ಕೊಯ್ಯುವ ಹಕ್ಕಿಲ್ಲ. ದಾರಿಯೇ ಇಲ್ಲದವನಿಗೆ ಆಚೆಗಿನ ತನ್ನ ಗದ್ದೆಯಿದ್ದೂ ಪ್ರಯೋಜನವಿಲ್ಲ. ಹಾಗೆಯೇ ಒಳಗಿನ ಫೋಲ್ಡರಿನಲ್ಲಿ ಎಷ್ಟೇ ಅನುಮತಿ ಕೊಟ್ಟರೂ ಅದರ ಮೇಲಿನ ಫೋಲ್ಡರನ್ನು ಹಾಯುವ ಹಕ್ಕು ಕೊಡದಿದ್ದರೆ ಬಳಕೆದಾರ ಹೊಸ್ತಿಲಲ್ಲೇ ನಿಲ್ಲುತ್ತಾನೆ. ‘ಅನುಮತಿ ಕೊಟ್ಟಿದ್ದೇವೆ, ಆದರೂ ತೆರೆಯುತ್ತಿಲ್ಲ’ ಎಂಬ ದೂರುಗಳಲ್ಲಿ ಅನೇಕವು ಈ ಕಾಲುದಾರಿಯವೇ. ಅಂಥ ದೂರಿಗೆ 777 ಎಂಬ ಮದ್ದು ಕೊಡುವುದು, ದಾರಿ ಕೇಳಿದವನಿಗೆ ತೋಟವನ್ನೇ ಕ್ರಯಚೀಟಿ ಮಾಡಿಕೊಟ್ಟಂತೆ.

ಬರೆಯುವ ಹಕ್ಕಿನ ಕಥೆ ಇನ್ನೂ ಸೂಕ್ಷ್ಮ. ಕಡತವನ್ನು ಅಳಿಸುವ ಅಧಿಕಾರ ಕಡತದ ಅಂಕಿಯಲ್ಲಿಲ್ಲ. ಅದನ್ನು ಹೊತ್ತ ಫೋಲ್ಡರಿನ ಅಂಕಿಯಲ್ಲಿದೆ. ಫೋಲ್ಡರೆಂದರೆ ಹೆಸರುಗಳ ಪಟ್ಟಿ, ಅಳಿಸುವುದೆಂದರೆ ಆ ಪಟ್ಟಿಯಿಂದ ಒಂದು ಹೆಸರನ್ನು ಹೊಡೆದುಹಾಕುವುದು; ಪಟ್ಟಿಯಲ್ಲಿ ಬರೆಯಬಲ್ಲವನು ಹೊಡೆದುಹಾಕಲೂ ಬಲ್ಲ. ಕಡತಕ್ಕೆ ‘ಓದು ಮಾತ್ರ’ ಎಂದು ಗುರುತು ಹಾಕಿ ನೆಮ್ಮದಿಯಿಂದಿರುವ ಕಚೇರಿಗಳು ಇದನ್ನು ಅರಿತಿರುವುದಿಲ್ಲ. ಅಂಥ ಕಡತವನ್ನು ತಿದ್ದಲಾಗದವನೂ ಅದನ್ನು ಅಳಿಸಿ, ಅದೇ ಹೆಸರಿನಲ್ಲಿ ತನ್ನದೊಂದನ್ನು ಇಡಬಲ್ಲ. ಇದನ್ನು ತಡೆಯಲು ‘ಸ್ಟಿಕಿ’ ಎಂಬ ಗುರುತಿದೆ. ಅದನ್ನು ಹಾಕಿದ ಫೋಲ್ಡರಿನಲ್ಲಿ ಕಡತದ ಒಡೆಯ, ಫೋಲ್ಡರಿನ ಒಡೆಯ ಮತ್ತು ಯಂತ್ರದ ಮೇಲಧಿಕಾರಿಯಾದ ‘ರೂಟ್’, ಇವರ ಹೊರತು ಬೇರೆಯವರು ಅಳಿಸಲಾರರು.

ಹಾಗಾದರೆ ಆ ಕಚೇರಿ ಏನು ಮಾಡಬೇಕಿತ್ತು? ಮೂಲ ದಾಖಲೆಗಳನ್ನೂ ಕೆಲಸದ ಕರಡುಗಳನ್ನೂ ಒಂದೇ ಕಡೆ ಹಾಕಿದ್ದೇ ಮೊದಲ ತಪ್ಪು. ‘ಮೂಲ’ ಒಂದು ಫೋಲ್ಡರ್, ‘ಕರಡು’ ಇನ್ನೊಂದು. ಮೂಲದಲ್ಲಿ ಇಡುವವರು ಗುಮಾಸ್ತರು ಮಾತ್ರ. ಉಳಿದವರು ಓದಿ, ಪ್ರತಿ ಮಾಡಿ, ಕರಡಿಗೆ ಒಯ್ದು ಕೆಲಸ ಮಾಡಬೇಕು. ದಕ್ಷಿಣ ಕನ್ನಡದ ವರ್ಗದಾರರಿಗಿದ್ದ ಕುಮ್ಕಿ ಹಕ್ಕು ಇದಕ್ಕೆ ಹತ್ತಿರದ ಹೋಲಿಕೆ. ಕುಮ್ಕಿ ಭೂಮಿಯಿಂದ ಸೊಪ್ಪು ಸೌದೆ ತರಬಹುದು, ಭೂಮಿ ಸರಕಾರದ್ದೇ. ಭಾಷಾಂತರಕಾರರಿಗೆ ಮೂಲದ ಮೇಲೆ ಬೇಕಾದದ್ದು ಕುಮ್ಕಿ. ಕಚೇರಿ ಕೊಟ್ಟದ್ದು ವರ್ಗ.

ಕರಡಿನಲ್ಲಿ ಎಲ್ಲರೂ ಬರೆಯಬೇಕು. ಇದಕ್ಕೆ ಗುಂಪು ಬೇಕು, ಗುಂಪು ಕೆಲಸದ ಹೆಸರಿನಲ್ಲಿರಬೇಕು, ವ್ಯಕ್ತಿಯ ಹೆಸರಿನಲ್ಲಲ್ಲ. ‘ಕಚೇರಿ’ ಎಂಬ ಗುಂಪು ಮಾಡಿ ಐವರನ್ನು ಸೇರಿಸಿ ಫೋಲ್ಡರನ್ನು ಆ ಗುಂಪಿಗೆ ಒಪ್ಪಿಸಿದರೆ ಅರ್ಧ ಕೆಲಸವಾಯಿತು. ಇನ್ನರ್ಧದಲ್ಲಿಯೇ ಆ ಬೆಳಗಿನ ತೊಂದರೆ ಅಡಗಿತ್ತು. ಹೊಸ ಕಡತ ಹುಟ್ಟುವಾಗ ಅದಕ್ಕೆ ಬರೆದವನ ಸ್ವಂತ ಗುಂಪು ಅಂಟಿಕೊಳ್ಳುತ್ತದೆ, ಕಚೇರಿಯ ಗುಂಪಲ್ಲ. ಕಿರಿಯರು ಬರೆದದ್ದು ಬೆರಳಚ್ಚುಗಾರ್ತಿಗೆ ತೆರೆಯದೆ ಹೋದದ್ದು ಅದಕ್ಕೆ. ಫೋಲ್ಡರಿಗೆ ‘ಸೆಟ್‌ಜಿಐಡಿ’ ಎಂಬ ಗುರುತು ಹಾಕಿದರೆ, ಅಲ್ಲಿ ಹುಟ್ಟುವುದೆಲ್ಲ ಫೋಲ್ಡರಿನ ಗುಂಪನ್ನೇ ಪಡೆಯುತ್ತದೆ. ಒಳಗೆ ಹುಟ್ಟುವ ಫೋಲ್ಡರುಗಳಿಗೂ ಆ ಗುರುತು ವಂಶಪಾರಂಪರ್ಯವಾಗಿ ಇಳಿಯುತ್ತದೆ. 770ರ ಹಿಂದೆ ಒಂದು 2 ಸೇರಿಸಿ 2770 ಎಂದರೆ ಆಯಿತು. ಈ ಗುರುತಿನ ಸೋದರನಾದ ‘ಸೆಟ್‌ಯುಐಡಿ’ಗೆ ಡೆನಿಸ್ ರಿಚಿ ಪೇಟೆಂಟನ್ನೇ ಪಡೆದಿದ್ದರು, 1979ರಲ್ಲಿ ಮಂಜೂರಾದ ಆ ಹಕ್ಕನ್ನು ಬಳಿಕ ಸಾರ್ವಜನಿಕರಿಗೆ ಬಿಟ್ಟುಕೊಡಲಾಯಿತು.

ಗುಂಪು ಸರಿಯಾದ ಮೇಲೂ ‘ಯುಮಾಸ್ಕ್’ ಎಂಬುದೊಂದು ಉಳಿಯುತ್ತದೆ. ಹೊಸ ಕಡತದಿಂದ ಯಾವ ಹಕ್ಕುಗಳನ್ನು ಕಳೆಯಬೇಕು ಎಂದು ಹೇಳುವ ಅಂಕಿ ಅದು. 022 ಇದ್ದರೆ ಗುಂಪಿಗೆ ಬರೆಯುವ ಹಕ್ಕು ಹುಟ್ಟುವಾಗಲೇ ಹೋಗುತ್ತದೆ. ಗೌಪ್ಯದ ಕಚೇರಿಗೆ 007 ಒಳ್ಳೆಯದು. ಗುಂಪಿಗೆ ಪೂರ್ತಿ, ಹೊರಗಿನವರಿಗೆ ಶೂನ್ಯ. ಇನ್ನೊಂದು ಮರೆಯಬಾರದ ಮಾತು: ಬೇರೆ ಕಡೆ ಹುಟ್ಟಿದ ಕಡತವನ್ನು ಪ್ರತಿ ಮಾಡಿ ತಂದರೆ ಹೊಸ ಮನೆಯ ಗುಂಪು ಬರುತ್ತದೆ, ಅದೇ ಡಿಸ್ಕಿನೊಳಗೆ ಎತ್ತಿ ಸ್ಥಳಾಂತರಿಸಿದರೆ ಹಳೆಯ ಮನೆಯ ಗುಂಪೇ ಉಳಿಯುತ್ತದೆ. ದತ್ತು ಬಂದ ಮಗನಿಗೂ ಮನೆಗೆ ಬಂದ ನೆಂಟನಿಗೂ ಇರುವ ವ್ಯತ್ಯಾಸ.

ಭಾಷಾಂತರಕಾರರನ್ನು ಗುಂಪಿಗೆ ಸೇರಿಸುವಂತಿಲ್ಲ, ಸೇರಿಸಿದರೆ ಎಲ್ಲ ವ್ಯಾಜ್ಯಗಳೂ ಅವರಿಗೆ ತೆರೆಯುತ್ತವೆ. ಒಂದು ಕಡತಕ್ಕೆ ಒಂದೇ ಗುಂಪು ಎಂಬ ಹಳೆಯ ಪದ್ಧತಿ ಇಲ್ಲಿ ಸಾಲದೆ ಬರುತ್ತದೆ. ಇದಕ್ಕೆಂದೇ ‘ಎಸಿಎಲ್’ ಎಂಬ ಅನುಮತಿ ಪಟ್ಟಿಯಿದೆ. ಇಂಥ ಫೋಲ್ಡರಿನಲ್ಲಿ ಇಂಥವರಿಗೆ ಇಷ್ಟು ಎಂದು ಹೆಸರು ಹಿಡಿದು ಬರೆಯಬಹುದು. ಪೂರ್ವನಿಯೋಜಿತ ಪಟ್ಟಿಯೊಂದನ್ನು ಫೋಲ್ಡರಿಗೆ ಕೊಟ್ಟರೆ ಮುಂದೆ ಹುಟ್ಟುವ ಕಡತಗಳಿಗೂ ಅದು ಇಳಿಯುತ್ತದೆ, ಅಲ್ಲಿ ಯುಮಾಸ್ಕಿನ ಮಾತು ನಡೆಯುವುದಿಲ್ಲ. ಅವರಿಗೆ ಆ ಒಂದು ವ್ಯಾಜ್ಯದ ಮೂಲದಲ್ಲಿ ಓದುವ ಮತ್ತು ಹಾಯುವ ಹಕ್ಕು, ಮೇಲಿನ ‘ವ್ಯಾಜ್ಯ’ ಫೋಲ್ಡರಿನಲ್ಲಿ ಹಾಯುವ ಹಕ್ಕು ಮಾತ್ರ, ಅನುವಾದ ಇಡಲು ತನ್ನದೇ ಒಂದು ಫೋಲ್ಡರ್, ಸಾಕು. ವಿನೋದವೆಂದರೆ, ಈ ಪಟ್ಟಿಗಳಿಗೆ ಆಧಾರವಾದ ಪಾಸಿಕ್ಸ್ ಮಾನದಂಡ 1003.1ಇ ಎಂಬುದು ಕರಡಿನ ಹಂತ ದಾಟಲೇ ಇಲ್ಲ, ಹಿಂದೆಗೆದುಕೊಳ್ಳಲ್ಪಟ್ಟಿತು. ಶಾಸನವಾಗದ ಮಸೂದೆಯೊಂದು ರೂಢಿಯ ಬಲದಿಂದ ಲೋಕವನ್ನಾಳುತ್ತಿದೆ. ಅದರಲ್ಲಿ ಒಂದು ಮುಳ್ಳೂ ಇದೆ. ಎಸಿಎಲ್ ಇರುವ ಕಡತದ ಗುಂಪಿನ ಅಂಕಿಯನ್ನು ಸಿಎಚ್‌ಮಾಡ್‌ನಿಂದ ಬದಲಿಸಿದರೆ ಬದಲಾಗುವುದು ‘ಮಾಸ್ಕ್’ ಎಂಬ ಮೇಲ್ಮಿತಿ. ಹೆಸರು ಹಿಡಿದು ಕೊಟ್ಟ ಹಕ್ಕುಗಳೂ ಸದ್ದಿಲ್ಲದೆ ಕುಗ್ಗುತ್ತವೆ. ಕಡತಗಳ ಪಟ್ಟಿಯಲ್ಲಿ ಅನುಮತಿಯ ಅಕ್ಷರಗಳ ಕೊನೆಗೊಂದು ಕೂಡಿಸುವ ಚಿಹ್ನೆ ಕಂಡರೆ ಅಲ್ಲಿ ಎಸಿಎಲ್ ಇದೆಯೆಂದು ತಿಳಿದು ಕೈ ತಡೆಯಬೇಕು.

ಇಷ್ಟೊಂದು ಕಟ್ಟುಪಾಡು ಸಣ್ಣ ಕಚೇರಿಗೆ ಅತಿಯಾಯಿತೆಂದು ಅನ್ನಿಸಬಹುದು. ಆದರೆ ಸಣ್ಣ ಊರಿನಲ್ಲಿಯೇ ಇದರ ಅಗತ್ಯ ಹೆಚ್ಚು. ಬೆರಳಚ್ಚುಗಾರ್ತಿಯ ಸೋದರಮಾವ ಎದುರು ಪಕ್ಷದವರಾಗಿರುವುದು, ಕಿರಿಯ ವಕೀಲರ ಮನೆಯವರು ಪ್ರತಿವಾದಿಯ ಒಕ್ಕಲಾಗಿರುವುದು ಇಲ್ಲಿ ಅಸಾಧ್ಯವಲ್ಲ. ಕಕ್ಷಿಗಾರ ತನ್ನ ವಕೀಲನಿಗೆ ಹೇಳಿದ್ದು ಹೊರಬೀಳಬಾರದೆಂಬ ರಕ್ಷಣೆ ಹಳೆಯ ಸಾಕ್ಷ್ಯ ಕಾಯಿದೆಯ 126 ಮತ್ತು 127ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಅದನ್ನು ಮುಂದುವರಿಸಿದೆ. ದುಭಾಷಿಗಳಿಗೂ ವಕೀಲರ ಗುಮಾಸ್ತರು ಮತ್ತು ನೌಕರರಿಗೂ ಅದು ಅನ್ವಯಿಸುತ್ತದೆಂದು ಶಾಸನವೇ ಹೇಳುತ್ತದೆ. ಅವರ ನಾಲಿಗೆಗೆ ಕಾನೂನು ಹಾಕಿದ ಬೀಗವನ್ನು ಕಚೇರಿ ತನ್ನ ಸರ್ವರಿನಲ್ಲಿ ತೆರೆದಿಡುವುದು ಸರಿಯಲ್ಲ. ಸಂಬಂಧ ತಗಲುವ ವ್ಯಾಜ್ಯಕ್ಕೆ ಪ್ರತ್ಯೇಕ ಗುಂಪು ಮಾಡಿ ಆ ಒಬ್ಬರನ್ನು ಹೊರಗಿಡುವುದು ಅವರ ಮೇಲಿನ ಅಪನಂಬಿಕೆಯಲ್ಲ. ನಾಳೆ ಸುದ್ದಿ ಸೋರಿದರೆ ಅವರ ಹೆಸರು ಬಾರದಂತೆ ಕಾಯುವ ಉಪಾಯ.

‘ಯಂತ್ರವೇ ತಡೆಯಲಿಲ್ಲ, ಆದ್ದರಿಂದ ಅನುಮತಿಯಿತ್ತು’ ಎಂದು ವಾದಿಸಬಹುದೇ? ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 43ನೇ ಕಲಮು ಒಡೆಯನ ಅಥವಾ ಉಸ್ತುವಾರಿಯಲ್ಲಿರುವವನ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸುವುದು, ನಕಲು ಮಾಡುವುದು, ಮಾಹಿತಿಯನ್ನು ಅಳಿಸುವುದು ಮೊದಲಾದವುಗಳಿಗೆ ಪರಿಹಾರದ ಹೊಣೆ ಹೊರಿಸುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಇಲ್ಲವೆ ವಂಚನೆಯಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗಿನ ಸೆರೆ, ಐದು ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡೂ. ಶಾಸನ ಹೇಳುವ ಅನುಮತಿ ಮನುಷ್ಯನದು, ಮೂರು ಅಂಕಿಗಳದ್ದಲ್ಲ. ಬಾಗಿಲು ತೆರೆದಿತ್ತೆಂಬ ಮಾತ್ರಕ್ಕೆ ಮನೆ ಹೊಕ್ಕದ್ದು ಸರಿಯಾಗದು. ಆದರೂ 777 ಬರೆದವರು ಕಚೇರಿಯವರೇ ಆಗಿರುವಾಗ, ಅನುಮತಿಯಿರಲಿಲ್ಲವೆಂದು ಸಿದ್ಧಪಡಿಸುವ ಭಾರ ಎಷ್ಟು ಹೆಚ್ಚುತ್ತದೆಂಬುದನ್ನು ವಕೀಲರಿಗೆ ವಿವರಿಸಬೇಕಾಗಿಲ್ಲ.

ಸಾಕ್ಷ್ಯದ ಪ್ರಶ್ನೆ ಇನ್ನೂ ಗಂಭೀರ. ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಹೊಸ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಕಂಪ್ಯೂಟರ್ ಕಾನೂನುಬದ್ಧ ಹತೋಟಿಯಲ್ಲಿತ್ತೆಂದು ರುಜು ಹಾಕುವವರು ಯಾರು? ಎಲ್ಲರೂ ಎಲ್ಲವನ್ನೂ ತಿದ್ದಬಲ್ಲ ಸರ್ವರಿನ ಬಗ್ಗೆ ಆ ರುಜು ಹಾಕಿ ಸಾಕ್ಷಿಕಟ್ಟೆ ಏರಿದರೆ, ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರದು. ಮೂಲ ಫೋಲ್ಡರಿಗೆ ಕಡತ ಬಂದ ದಿನವೇ ಹ್ಯಾಶ್ ತೆಗೆದು ಪುಸ್ತಕದಲ್ಲಿ ಬರೆದಿಡುವ ಗುಮಾಸ್ತರು ಇಲ್ಲಿ ಕಚೇರಿಯ ಮಾನ ಕಾಯುತ್ತಾರೆ.

ಕೆಲಸ ಬಿಟ್ಟು ಹೋದವರ ವಿಷಯವನ್ನು ಯಾರೂ ನೆನೆಯುವುದಿಲ್ಲ. ಲಿನಕ್ಸಿಗೆ ಹೆಸರು ತಿಳಿಯದು, ಅದು ಒಡೆತನವನ್ನು ಬರೆದುಕೊಳ್ಳುವುದು ಸಂಖ್ಯೆಯಲ್ಲಿ. ಕಿರಿಯ ವಕೀಲರೊಬ್ಬರು ಬಿಟ್ಟುಹೋದಾಗ ಅವರ ಖಾತೆಯನ್ನು ಅಳಿಸಿದರೆ ಹಂಚಿಕೆಯ ಫೋಲ್ಡರಿನಲ್ಲಿರುವ ಅವರ ಕಡತಗಳು ಬರಿಯ ಸಂಖ್ಯೆಯನ್ನು ಹೊತ್ತು ಅನಾಥವಾಗುತ್ತವೆ. ಮುಂದೆ ಹೊಸಬರಿಗೆ ಅದೇ ಸಂಖ್ಯೆ ಸಿಕ್ಕಿದರೆ ಉಯಿಲೂ ಇಲ್ಲದೆ ವಾರಸುದಾರಿಕೆಯೂ ಇಲ್ಲದೆ ಅವರೇ ಒಡೆಯರಾಗುತ್ತಾರೆ. ಆದ್ದರಿಂದ ಮೊದಲು ಕಡತಗಳನ್ನು ಗುಮಾಸ್ತರ ಹೆಸರಿಗೆ ವರ್ಗಾಯಿಸಬೇಕು. ಖಾತೆಯನ್ನು ಅಳಿಸುವ ಬದಲು ಅದರ ಅವಧಿ ಮುಗಿದಂತೆ ಮಾಡಿ ಉಳಿಸಬೇಕು. ಗುಪ್ತಪದವನ್ನಷ್ಟೇ ಬೀಗ ಹಾಕಿದರೆ ಸಾಲದು, ಎಸ್‌ಎಸ್‌ಎಚ್ ಕೀಲಿಯಿದ್ದವರು ಆ ಬೀಗದ ಪಕ್ಕದಿಂದಲೇ ಒಳಬರಬಲ್ಲರು. ಗುಂಪಿನಿಂದ ತೆಗೆದ ಕ್ಷಣಕ್ಕೆ ಹಕ್ಕು ಹೋಗುವುದಿಲ್ಲವೆಂಬುದೂ ನೆನಪಿರಲಿ: ಆಗಲೇ ಒಳಗಿರುವವರಿಗೆ ಹೊರಹೋಗಿ ಮತ್ತೆ ಪ್ರವೇಶಿಸುವ ತನಕ ಹಳೆಯ ಹಕ್ಕೇ ನಡೆಯುತ್ತದೆ, ತೆರೆದ ಕಡತ ತೆರೆದೇ ಇರುತ್ತದೆ. ಸೇರಿಸುವಾಗಲೂ ಎಚ್ಚರ ಬೇಕು. ಯೂಸರ್‌ಮಾಡ್ ಆಜ್ಞೆಯಲ್ಲಿ ಸಣ್ಣ ಎ ಬಿಟ್ಟು ದೊಡ್ಡ ಜಿ ಮಾತ್ರ ಬರೆದರೆ, ಹೊಸ ಗುಂಪಿಗೆ ಸೇರುವ ವ್ಯಕ್ತಿ ಹಳೆಯ ಹೆಚ್ಚುವರಿ ಗುಂಪುಗಳೆಲ್ಲವನ್ನೂ ಕಳೆದುಕೊಳ್ಳುತ್ತಾನೆ.

ವಿಂಡೋಸ್ ಯಂತ್ರಗಳಿಂದ ಸರ್ವರನ್ನು ತೆರೆಯುವ ಕಚೇರಿಗಳಲ್ಲಿ ಸಾಂಬಾ ಎಂಬ ತಂತ್ರಾಂಶ ನಡುವೆ ನಿಲ್ಲುತ್ತದೆ. ಅದಕ್ಕೂ ತನ್ನದೇ ಅನುಮತಿಗಳಿವೆ. ಸಾಂಬಾ ಒಪ್ಪಿದರೂ ಲಿನಕ್ಸ್ ಒಪ್ಪದಿದ್ದರೆ ಬಾಗಿಲು ತೆರೆಯದು. ರೂಟ್‌ಗೆ ಮಾತ್ರ ಈ ಯಾವ ಅಂಕಿಯೂ ಅಡ್ಡಿಯಲ್ಲ. ಆ ಗುಪ್ತಪದ ಸರ್ವರ್ ಕೂರಿಸಿಕೊಟ್ಟ ಅಂಗಡಿಯವನ ಬಳಿ ಉಳಿದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಪೆನ್‌ಡ್ರೈವಿಗೆ ತೆಗೆದ ಬ್ಯಾಕಪ್ ಪ್ರತಿಗೂ ಅದೇ ಮಾತು. ಪೆನ್‌ಡ್ರೈವುಗಳ ಸಾಮಾನ್ಯ ವಿನ್ಯಾಸವಾದ ಫ್ಯಾಟ್‌ನಲ್ಲಿ ಒಡೆಯ, ಗುಂಪು ಎಂಬುದೇ ದಾಖಲಾಗುವುದಿಲ್ಲ, ಕೈಗೆ ಸಿಕ್ಕಿದವನೇ ಒಡೆಯ.

777 ಬರೆದುಬಿಟ್ಟಿರುವ ಕಚೇರಿ ಅದನ್ನು ಹಿಂದೆಗೆದುಕೊಳ್ಳಲು ಒಂದು ಶನಿವಾರ ಸಂಜೆ ಸಾಕು. ಫೋಲ್ಡರುಗಳಿಗೆ ಬೇರೆ ಅಂಕಿ, ಕಡತಗಳಿಗೆ ಬೇರೆ ಅಂಕಿ. ಎರಡಕ್ಕೂ ಒಂದೇ ಅಂಕಿಯನ್ನು ದೊಡ್ಡ ಆರ್ ಸೇರಿಸಿ ಹಾಕಿದರೆ ಮತ್ತೆ ಕಾಲುದಾರಿ ಮುಚ್ಚುತ್ತದೆ ಇಲ್ಲವೆ ಕಡತಗಳೆಲ್ಲ ಚಲಾಯಿಸಬಲ್ಲವಾಗುತ್ತವೆ. ಎಲ್ಲ ಮುಗಿದ ಮೇಲೆ ಬೆರಳಚ್ಚುಗಾರ್ತಿಯ ಖಾತೆಯಿಂದ ಪ್ರವೇಶಿಸಿ ಮೂರು ಪರೀಕ್ಷೆ ಮಾಡಬೇಕು: ಕರಡು ತೆರೆದು ತಿದ್ದಲಾಗುತ್ತದೆಯೇ, ಮೂಲದಲ್ಲಿರುವುದನ್ನು ಓದಲಾಗುತ್ತದೆಯೇ, ಅಳಿಸಲು ಹೋದರೆ ಯಂತ್ರ ನಿರಾಕರಿಸುತ್ತದೆಯೇ. ಆಮೇಲೆ ಕಕ್ಷಿಗಾರರ ಮನೆಗೆ ಗುಮಾಸ್ತರನ್ನು ಕಳುಹಿಸಿ ಆ ಮೂಲಗೇಣಿ ಚೀಟನ್ನು ತರಿಸಿ, ಅಂಚು ಬಿಡದೆ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕು.